ಬಿಡಿ ಕಲ್ಲು, ಮೂರು

ಬಂಗಾರಪೇಟೆ ರಸ್ತೆಯೂ ಕ್ಯಾಸಂಬಳ್ಳಿ ರಸ್ತೆಯೂ ಕೂಡುವ ನಮ್ಮೂರ ಕ್ರಾಸನ್ನು ಅಗಲ ಮಾಡುವ ಮೊದಲು, ಅಲ್ಲಿರುವ ಹಳೆಯದನ್ನೆಲ್ಲ ಪಟ್ಟಿ ಮಾಡುವ ಕೆಲಸ ನನಗೆ ಬಂತು. 'ಕಟ್ಟಡ' ಎಂದು ಬರೆದದ್ದನ್ನು ಬಿಚ್ಚಿ ಬೇರೆ ಕಡೆ ನಿಲ್ಲಿಸಿಕೊಡುತ್ತಾರೆ. 'ಬಿಡಿ ಕಲ್ಲು' ಎಂದು ಬರೆದದ್ದು ಜಲ್ಲಿ ಮಾಡಲು ಹೋಗುತ್ತದೆ.

ಚಪ್ಪಡಿ ಸೂರಿನ ಸತ್ರ, ಅರಳಿಕಟ್ಟೆ, ಮುನೇಶ್ವರನ ಗುಡಿ ಮುಗಿದವು. ಉಳಿದದ್ದು ಹೊರೆಗಲ್ಲು. ಆಳೆತ್ತರದ ಎರಡು ಕಂಬ, ಮೇಲೊಂದು ಅಡ್ಡಗಲ್ಲು. ಗಣಿ ಕಾಲೊನಿಗೆ ಸೌದೆ, ತರಕಾರಿ ಹೊತ್ತು ನಡೆಯುತ್ತಿದ್ದ ಕಾಲದಲ್ಲಿ ಜನ ತಲೆಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಳ್ಳುತ್ತಿದ್ದರಂತೆ.

ಹುಲ್ಲಿನ ಹೊರೆಯನ್ನು ಅದರ ಮೇಲಿಟ್ಟು ನಿಂತಿದ್ದ ಕದಿರಮ್ಮಜ್ಜಿ ನನ್ನ ಟೇಪು ನೋಡಿದಳು.

"ಏನ್ಲಾ ಮುನಿರಾಜ, ಕಲ್ಗೂ ಅಂಗಿ ಒಲಿಸ್ತೀಯಾ?"

"ಬರ್ಕೊಳ್ತಾ ಇದೀನಜ್ಜಿ."

"ಸರ್ಯಾಗಿ ಬರಿ. ನಮ್ಮಕ್ಕ ಗಂಗರತ್ನ ಎಂಟು ತಿಂಗ್ಳ ಬಸ್ರಿ, ಅಂಗೇ ಸತ್ತೋದ್ಲು. ಒಟ್ಟೇಲಿ ಕೂಸು ಇಟ್ಕೊಂಡು ಸತ್ತೋರ್ಗೆ ಒರೆ ಇಳಿಯಕಿಲ್ಲ. ಅದ್ಕೇ ನಮ್ಮಪ್ಪ ಇದನ್ನ ನಿಲ್ಸಿದ್ದು. ಇಲ್ಲಿ ಯಾರಾನ ಒರೆ ಇಳಿಸ್ದಾಗೆಲ್ಲ ಅವ್ಳ್ದೂ ಒಸಿ ಇಳೀತದೆ. ಈಗೆಲ್ಲ ಗಾಡಿ ಬಂದ್ವು, ಇಳಿಸೋಳು ನಾನೊಬ್ಳೇ. ಇದನ್ನ ಇಲ್ಲಿಂದ ಕಿತ್ರೆ ನಮ್ಮ ಒಲದ ದಾರೀಲಾದ್ರೂ ನಿಲ್ಸಿಕೊಡ್ಲಿ ಅಂತ ಬರಿ."

"ಬರೀತೀನಜ್ಜಿ."

ಅವಳು ಹೋದ ಮೇಲೆ ನಮೂನೆ ತೆಗೆದೆ. 'ಗಾರೆಯೋ, ಸಿಮೆಂಟೋ, ಮಣ್ಣೋ' ಎಂಬ ಕಾಲಂ ಇತ್ತು; ಇವುಗಳಲ್ಲೊಂದು ಕಲ್ಲುಗಳನ್ನು ಹಿಡಿದಿದ್ದರೆ ಮಾತ್ರ ಅದು 'ಕಟ್ಟಡ'. ಸಂದಿಗೆ ಕಡ್ಡಿ ಹಾಕಿ ನೋಡಿದೆ, ಏನೂ ಇರಲಿಲ್ಲ. ಅಡ್ಡಗಲ್ಲನ್ನು ತಳ್ಳಿದೆ, ಕೂದಲೆಳೆಯಷ್ಟು ಅಲುಗಿತು. ಒಂದು ಸುಳ್ಳು ಸಿಕ್ಕಿದರೆ ಇಡೀ ಪಟ್ಟಿಯನ್ನೇ ಸುಳ್ಳೆಂದಾರು, ಆಗ ಸತ್ರವೂ ಹೋದೀತು ಎಂದು ಹೆದರಿದೆ. ಮೂರನ್ನೂ ಬೇರೆ ಬೇರೆ ಅಳೆದು ಬರೆದೆ: ಬಿಡಿ ಕಲ್ಲು, ಮೂರು. ಗಂಗರತ್ನಮ್ಮನ ವಿಷಯವನ್ನು ಷರಾದಲ್ಲಿ ಸೇರಿಸಿದೆ. ಷರಾವನ್ನು ಯಾರಾದರೂ ಓದುತ್ತಾರೆ ಎಂದು ನಂಬಿದ್ದೆ.

ಹನ್ನೊಂದನೆಯ ದಿನ ಜೆಸಿಬಿ ಬಂತು. ನಾನು ಓಡಿ ಹೋಗುವಷ್ಟರಲ್ಲಿ ಕಲ್ಲುಗಳು ಲಾರಿಯಲ್ಲಿ ಹೋಗಿಯಾಗಿತ್ತು. ಮೇಸ್ತ್ರಿ ರಾಜ್‌ಕುಮಾರ್ ಪಟ್ಟಿ ತೋರಿಸಿದ.

"ನಿಮ್ಮ ಅಕ್ಷರಾನೇ ಅಲ್ವೇನ್ರೀ? ಎಷ್ಟು ನೀಟಾಗಿ ಬರ್ದಿದೀರಿ."

ಸಂಜೆ ಕದಿರಮ್ಮಜ್ಜಿ ಹೊರೆ ಹೊತ್ತು ಬಂದಳು. ಕೆದಕಿದ ಮಣ್ಣಿನ ಮುಂದೆ ನಿಂತಳು.

"ನಾನೇ ಬಿಡಿ ಕಲ್ಲು ಅಂತ ಬರ್ದೆ ಅಜ್ಜಿ," ಎಂದೆ. ಅವಳು ಮಣ್ಣನ್ನು ಕಾಲಿನಿಂದ ಸರಿಸಿ ನೋಡಿದಳು. ಹೊರೆಯ ಭಾರಕ್ಕೆ ಕುತ್ತಿಗೆ ನಡುಗುತ್ತಿತ್ತು. "ಕೊಡಜ್ಜಿ, ನಾನಿಳಿಸ್ತೀನಿ," ಎಂದು ಕೈ ಚಾಚಿದೆ.

"ಮುಟ್ಬ್ಯಾಡ," ಎಂದಳು. "ಲಾರಿ ಯಾ ಕಡೆ ಓಯ್ತು?"

ಕ್ಯಾಸಂಬಳ್ಳಿ ರಸ್ತೆ ತೋರಿಸಿದೆ. ಹೊರೆ ಇಳಿಸದೆ ಅವಳು ಆ ಕಡೆಗೇ ನಡೆದಳು.