ಮಧ್ಯಕ್ಕೆ ನಿಂತ ಮುಳ್ಳು

ಮೀಟರ್ ಮೇಷ್ಟ್ರ ತಲೆ ಡ್ಯಾಶ್‌ಬೋರ್ಡಿನ ಕೆಳಗಿತ್ತು, ಕಾಲುಗಳು ಬಾಗಿಲಿನ ಹೊರಗೆ ಗಾಳಿಯಲ್ಲಿದ್ದವು. "ಕೀ ತಿರುಗಿಸಮ್ಮಾ," ಎಂದು ಅಲ್ಲಿಂದಲೇ ಕೂಗಿದರು. "ಎಂಜಿನ್ ಎಬ್ಬಿಸಬೇಡ. ಮುಳ್ಳುಗಳಿಗೆ ಎಚ್ಚರ ಆದ್ರೆ ಸಾಕು."

ಗಾಡಿ ತಂದಿದ್ದ ಹೆಂಗಸು ಸ್ಟೀರಿಂಗ್ ಕಡೆಯ ಬಾಗಿಲಲ್ಲಿ ನಿಂತು ಕೈ ಚಾಚಿ ಕೀ ತಿರುಗಿಸಿದಳು. ಪೆಟ್ರೋಲಿನ ಮುಳ್ಳು ದೆವ್ವ ಹಿಡಿದಂತೆ ಕುಣಿಯಿತು. ಬ್ಯಾಟರಿಯ ಮುಳ್ಳು ಅದನ್ನು ನೋಡಿ ತಾನೂ ನಡುಗಿತು. ಎಂಜಿನ್ನಿನ ಕಾವು ತೋರಿಸುವ ಮೂರನೆಯ ಮುಳ್ಳು ಮಾತ್ರ ತುಸು ಅಲುಗಿ, ಮರ್ಯಾದಸ್ಥರ ಮನೆಯ ಹುಡುಗನ ಹಾಗೆ ಮಧ್ಯಕ್ಕೆ ಬಂದು ನಿಂತಿತು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬಂದ ಗಿರಾಕಿಗಳನ್ನೆಲ್ಲ ಬೈದು ಬೈದು ಮೇಷ್ಟ್ರೆಂಬ ಹೆಸರು ಗಳಿಸಿದ್ದರು. ಹಳೆಯ ಗಾಡಿಗಳ ಮುಳ್ಳು ಕೆಟ್ಟರೆ ಸುತ್ತಮುತ್ತಲಿಗೆಲ್ಲ ಅವರ ತಗಡಿನ ಷೆಡ್ಡೊಂದೇ ಗತಿ. ಈ ಪಿಕಪ್ಪು ಮೇಷ್ಟ್ರ ಮದುವೆಯ ಕಾಲದ್ದು. ಮೈಗೆಲ್ಲ ನೀಲಿ ಬಣ್ಣ ಬಳಿದಿದ್ದರು. ಹಿಂಭಾಗದ ತಗಡು ಮಾತ್ರ ಹೊಸದು, ಅದಕ್ಕಿನ್ನೂ ಬಣ್ಣ ಬಿದ್ದಿರಲಿಲ್ಲ.

"ಅರ್ಥ್ ವೈರು ಸತ್ತಿದೆ ಕಣಮ್ಮ," ಎಂದು ಮೇಷ್ಟ್ರು ಒಳಗಿನಿಂದ ತೀರ್ಪು ಕೊಟ್ಟರು. "ಮೀಟರಿನ ಹಿಂದೆ ತುಕ್ಕು ನೋಡು, ಹಿಡಿ ಹಿಡಿ ಇದೆ. ಕರೆಂಟಿಗೆ ವಾಪಸ್ ಹೋಗೋಕೆ ದಾರಿ ಇಲ್ಲದಿದ್ರೆ ಮುಳ್ಳು ಕುಣೀದೆ ಏನು ಮಾಡತ್ತೆ?" ಉಪ್ಪುಕಾಗದದಿಂದ ತಗಡನ್ನು ಬೆಳ್ಳಗಾಗುವವರೆಗೆ ಉಜ್ಜಿದರು, ಸ್ಕ್ರೂ ಬಿಗಿದರು. ಪೆಟ್ರೋಲಿನ ಮುಳ್ಳು ಕಾಲು ಟ್ಯಾಂಕಿನ ಗೆರೆಗೆ ಬಂದು ತೆಪ್ಪಗಾಯಿತು. ಮೇಷ್ಟ್ರು ಎದ್ದು ಕುಳಿತು ಸೊಂಟ ಹಿಡಿದುಕೊಂಡರು. "ಆಯ್ತು, ತಗೊಂಡು ಹೋಗು."

"ಇನ್ನೊಂದು ಇದೆಯಲ್ಲ."

"ಕಾವಿನ ಮುಳ್ಳಾ? ಮೂರರಲ್ಲಿ ಬುದ್ಧಿವಂತ ಅದೊಂದೇ."

"ನಾನು ಬಂದಿದ್ದೇ ಅದಕ್ಕೆ, ಮೇಷ್ಟ್ರೇ," ಎಂದಳು ಅವಳು.

ಅವಳು ಹೇಳಿದ್ದು ಉದ್ದದ ಕಥೆಯೇನಲ್ಲ. ಏಳು ತಿಂಗಳ ಹಿಂದೆ ಗಂಡ ಹೆಂಡತಿ ಇಬ್ಬರೂ ಇದೇ ಗಾಡಿಯಲ್ಲಿ ಇಟ್ಟಿಗೆ ತುಂಬಿಕೊಂಡು ಹೊರಟಿದ್ದರು. ಮಟಮಟ ಮಧ್ಯಾಹ್ನ. ಏರುದಾರಿಯ ನಡುವೆ ಎಂಜಿನ್ ಕಾದು, ಬುಸುಗುಟ್ಟಿ ನಿಂತುಬಿಟ್ಟಿತು. ಗಂಡ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಹೋದ. ತಿರುವಿನಿಂದ ಬಂದ ಲಾರಿಯವನಿಗೆ ನಿಂತ ಗಾಡಿ ಕಾಣಲಿಲ್ಲ.

"ನಮ್ಮ ಮಾವನೂ ಡ್ರೈವರ್ ಆಗಿದ್ದೋರೇ," ಎಂದಳು. "ಎಂಜಿನ್ ಹೇಳದೆ ಕೇಳದೆ ಕಾಯಲ್ಲ, ಮುಳ್ಳು ಮೊದಲೇ ಹೇಳತ್ತೆ ಅಂತಾರೆ. ನೀನು ಪಕ್ಕದಲ್ಲಿ ಕೂತು ಮಾತಿಗೆಳೆದೆ, ಅವನು ಮುಳ್ಳು ನೋಡಲಿಲ್ಲ, ನನ್ನ ಮಗನ್ನ ನಿನ್ನ ಬಾಯಿ ತಿಂತು ಅಂದರು. ಅವತ್ತಿಂದ ಮಾತಿಲ್ಲ. ನಾನು ಎದುರಿಗೆ ಬಂದ್ರೆ ಎದ್ದು ಹೋಗ್ತಾರೆ. ಮಾತಾಡ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆದ್ರೆ ಮುಳ್ಳು ನಾನೂ ನೋಡ್ತಿದ್ದೆ. ಮಧ್ಯದಲ್ಲೇ ಇತ್ತು. ಹೊಗೆ ಬಂದಾಗ್ಲೂ ಅಲ್ಲೇ ಇತ್ತು. ಹೇಳಿದ್ರೆ ಯಾರೂ ನಂಬಲ್ಲ. ಈಗೀಗ ನನಗೇ ನಂಬಿಕೆ ಹೋಗಿದೆ. ನಿಜವಾಗ್ಲೂ ನೋಡಿದ್ನಾ, ಇಲ್ಲ ನೋಡಿದೆ ಅಂದ್ಕೊಂಡ್ನಾ ಅಂತ. ನಾಳೆ ಗಾಡಿ ಗುಜರಿಗೆ ಹೋಗತ್ತೆ. ಅದಕ್ಕೆ ಮೊದಲು ಒಂದ್ಸಲ ನೋಡಿ ಹೇಳಿ."

ಮೇಷ್ಟ್ರು ಇಳಿದು ಬಾನೆಟ್ ಎತ್ತಿದರು. ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿದರು. ಗಾಡಿ ಬಂದು ಗಂಟೆಯ ಮೇಲಾಗಿತ್ತು, ಕಬ್ಬಿಣ ತಣ್ಣಗಿತ್ತು. ಮುಳ್ಳು ಮಾತ್ರ ಮಧ್ಯದಲ್ಲೇ ಇತ್ತು. ಕಾವನ್ನು ಅಳೆದು ಮುಳ್ಳಿಗೆ ತಿಳಿಸುವ ವೈರನ್ನು ಎಂಜಿನ್ನಿನಿಂದ ಕಿತ್ತರು. ಆಗ ಮುಳ್ಳು ತಳಕ್ಕೆ ಬೀಳಬೇಕು. ಬೀಳಲಿಲ್ಲ.

ಮತ್ತೆ ಒಳಗೆ ತೂರಿಕೊಂಡರು. ಟಾರ್ಚ್ ಬೆಳಕಿನಲ್ಲಿ ಮೀಟರಿನಿಂದ ಇಳಿದ ವೈರನ್ನು ಬೆರಳಿನಿಂದ ಹಿಡಿದು ಹಿಡಿದು ಸಾಗಿದರು. ಗೇಣುದ್ದ ಹೋದಮೇಲೆ ಅದನ್ನು ಯಾರೋ ಕತ್ತರಿಸಿ, ಕರೆಂಟಿಗೆ ತಡೆಯೊಡ್ಡುವ ಕಡಲೆಕಾಳಿನಷ್ಟು ದಪ್ಪದ ರೆಸಿಸ್ಟರ್ ಬೆಸೆದು, ಅದರ ಇನ್ನೊಂದು ತುದಿಯನ್ನು ಗಾಡಿಯ ತಗಡಿಗೆ ಬಿಗಿದಿದ್ದರು. ಎಂಜಿನ್ ತಣ್ಣಗಿರಲಿ, ಕುದಿಯಲಿ, ಮುಳ್ಳು ಮಧ್ಯ ಬಿಟ್ಟು ಕದಲದ ಹಾಗೆ. ಬೆಸುಗೆಯ ಮೇಲೆ ಟೇಪ್ ಇರಲಿಲ್ಲ. ಮೇಣ ಸವರಿದ ಕೆಂಪು ದಾರ ಇತ್ತು. ಮೂರು ಸುತ್ತು, ಒಂದು ಗಂಟು.

ಮೇಷ್ಟ್ರು ಟಾರ್ಚನ್ನು ಗಂಟಿಗೆ ತೀರ ಹತ್ತಿರ ಹಿಡಿದರು.

ಎಲ್ಲರೂ ಟೇಪ್ ಸುತ್ತುತ್ತಾರೆ. ದಾರ ಸುತ್ತುವುದು ಅವರೊಬ್ಬರೇ. ಟೇಪ್ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ, ದಾರ ಬಿಡುವುದಿಲ್ಲ ಎಂದು ಗುರು ಕಲಿಸಿದ್ದ ಕೆಲಸ. "ವೈರಿಗೆ ಜಡೆ ಹೆಣೀತಿದ್ದೀರಾ ಮೇಷ್ಟ್ರೇ?" ಎಂದು ಪಕ್ಕದ ಪಂಕ್ಚರಿನವನು ರೇಗಿಸುತ್ತಿದ್ದ. ತಾವು ಇದನ್ನು ಕಟ್ಟಿದಾಗ ಗಾಡಿ ಹಸಿರು ಬಣ್ಣದ್ದಿರಬೇಕು. ತಂದವನು ಹಳೇ ಗಾಡಿಗಳ ದಲ್ಲಾಳಿ. "ರೇಡಿಯೇಟರ್ ಕೆಲಸ ಕೊಳ್ಳೋನು ಮಾಡಿಸ್ಕೊಳ್ತಾನೆ ಬಿಡಿ. ಮುಳ್ಳು ಮಧ್ಯದಲ್ಲಿ ನಿಂತ್ರೆ ಸಾಕು, ಅವನೂ ನೆಮ್ಮದಿ, ನಾವೂ ನೆಮ್ಮದಿ," ಎಂದಿದ್ದ. ಅರ್ಧ ಗಂಟೆಯ ಕೆಲಸ. ಮುಗಿಸಿ ಚಹಾ ಕುಡಿದಿದ್ದರು. ಯಾರ ಗಾಡಿ, ಯಾರು ಕೊಂಡರು, ಎತ್ತ ಹೋಯಿತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಏನಾದ್ರೂ ಸಿಕ್ತಾ?" ಹೊರಗಿನಿಂದ ಕೇಳಿದಳು.

ಕತ್ತರಿಯಿಂದ ತುಂಡನ್ನು ಕತ್ತರಿಸಿದರು. ಜೇಬಿಗೆ ಹಾಕಿಕೊಳ್ಳಬಹುದಿತ್ತು. ಆದರೆ ಅವಳು ಬಗ್ಗಿ ಅಂಗೈ ಚಾಚಿಯಾಗಿತ್ತು. ಅವರು ಅದನ್ನು ಆ ಕೈಯಲ್ಲಿಟ್ಟು, ಹೇಗೆ ಕೆಲಸ ಮಾಡುತ್ತಿತ್ತೆಂದು ಹೇಳಿದರು. ಅವಳು ಸೀಟಿನ ಅಂಚಿಗೆ ಕುಸಿದು ಕುಳಿತಳು.

"ಹಾಗಾದ್ರೆ ನಾನು ನೋಡಿದ್ದು ನಿಜ."

"ನಿಜ ಕಣಮ್ಮ."

"ನಮ್ಮನೆಯವರು ನೋಡಿದ್ದೂ ನಿಜ." ಅವಳ ಮುಖ ಸಡಿಲಾಯಿತು, ಮತ್ತೆ ಬಿಗಿಯಿತು. "ಇದನ್ನ ಮಾಡಿದ್ಯಾರು?"

"ಯಾವನೋ ರಸ್ತೆ ಬದಿಯವನು," ಎಂದುಬಿಟ್ಟರು ಮೇಷ್ಟ್ರು. "ಇಂಥೋರು ಊರಿಗೆ ಹತ್ತು ಜನ. ಯಾರಂತ ಹುಡುಕ್ತೀಯ?"

"ಸಿಕ್ಕಿದ್ರೆ ನಾನೇನು ಹೊಡೆಯೋಕೆ ಹೋಗಲ್ಲ. ನಾನು ಹೇಳಿದ್ರೆ ಮಾವ ಕೇಳಲ್ಲ. ಈ ತುಂಡು ತೋರಿಸಿದ್ರೆ, ಎಲ್ಲಿಂದಲೋ ಹೆಕ್ಕಿಕೊಂಡು ಬಂದೆ ಅಂತಾರೆ. ಅವನೇ ಬಂದು ಒಂದ್ಸಲ ಅವರ ಮುಂದೆ ಬಾಯಿ ಬಿಟ್ಟಿದ್ರೆ ಸಾಕಿತ್ತು." ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಮುಷ್ಟಿಯಲ್ಲಿಟ್ಟುಕೊಂಡಳು. "ಗುಜರಿಗೆ ಹೋದ್ರೂ ಪರವಾಗಿಲ್ಲ. ಮುಳ್ಳು ಸರಿ ಮಾಡಿಕೊಡಿ. ಇವತ್ತು ಒಂದಿನ ಆದ್ರೂ ನಿಜ ಹೇಳಲಿ."

ಮೇಷ್ಟ್ರು ಎಂಜಿನ್ನಿನಿಂದ ಕಿತ್ತಿದ್ದ ವೈರನ್ನು ಮತ್ತೆ ಸಿಕ್ಕಿಸಿ, ಮೂರನೆಯ ಸಲ ಒಳಗೆ ತೂರಿದರು. ಅವರಿಗೆ ತಪ್ಪಿಸಿಕೊಂಡ ಸಮಾಧಾನ ಇರಬೇಕಿತ್ತು. ಇರಲಿಲ್ಲ. ಕತ್ತರಿಸಿದ ವೈರಿನ ಎರಡು ತುದಿ ಸುಲಿದರು, ಹೊಸೆದರು, ಬೆಸೆದರು. ಕೆಲಸ ಕೈಗೆ ಗೊತ್ತಿತ್ತು, ಮನಸ್ಸಿನ ಹಂಗು ಅದಕ್ಕೆ ಬೇಕಿರಲಿಲ್ಲ. ನೆನಪಾಗಿ ನೋಡುವಷ್ಟರಲ್ಲಿ ಬೆರಳುಗಳು ಕೆಂಪು ದಾರವನ್ನು ಎರಡು ಸುತ್ತು ಸುತ್ತಿದ್ದವು.

ಬೆರಳು ಅಲ್ಲೇ ನಿಂತಿತು. ಎದೆಯ ಮೇಲೆ ಕತ್ತರಿ ಇತ್ತು, ಜೇಬಿನಲ್ಲಿ ಕರಿಯ ಟೇಪಿನ ಉರುಳೆ ಇತ್ತು. ದಾರ ಕತ್ತರಿಸಿ ಟೇಪ್ ಸುತ್ತಲು ಹತ್ತು ಉಸಿರಿನಷ್ಟು ಹೊತ್ತು ಸಾಕು. ಹೊರಗೆ ಅವಳು ಒಂದೇ ಸಮನೆ ಮೂಗು ಒರೆಸಿಕೊಳ್ಳುವುದು ಕೇಳುತ್ತಿತ್ತು.

ಮೂರನೆಯ ಸುತ್ತು ಸುತ್ತಿದರು. ಗಂಟು ಹಾಕಿ ಬಿಗಿದರು.

"ಬಾಮ್ಮ," ಎಂದರು, "ಕೆಲಸ ಹೇಗಾಗಿದೆ, ಬಗ್ಗಿ ನೋಡು." ಟಾರ್ಚನ್ನು ಅವಳಿಗೆ ಕೊಟ್ಟು ಹೊರಗೆ ಬಂದು ನಿಂತರು.

ಅವಳು ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಆಮೇಲೆ ಕರವಸ್ತ್ರ ಬಿಚ್ಚುವುದು ಕಂಡಿತು. ತುಂಡನ್ನು ಹೊಸ ಬೆಸುಗೆಯ ಪಕ್ಕಕ್ಕೆ ಹಿಡಿದಳು. ಎದ್ದಾಗ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಅನ್ನಿಸಿತು.

"ಇನ್ನೂ ಎಷ್ಟು ಗಾಡಿಗೆ ಹೀಗೆ ಕಟ್ಟಿದ್ದೀರಿ?"

"ಏಳೋ ಎಂಟೋ," ಎಂದರು ಮೇಷ್ಟ್ರು. "ಎಲ್ಲಿವೆ ಅಂತ ಗೊತ್ತಿಲ್ಲ ತಾಯಿ."

ಮೇಷ್ಟ್ರು ಕೈ ಒರೆಸಿಕೊಂಡರು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು.

"ನಿಮ್ಮ ಮಾವ ಮನೇಲಿದ್ದಾರಾ?"

"ಎಲ್ಲಿಗೆ ಹೋಗ್ತಾರೆ. ಬಾಗಿಲಲ್ಲೇ ಕೂತಿರ್ತಾರೆ."

ಮೇಷ್ಟ್ರು ಷೆಡ್ಡಿನ ಬಾಗಿಲು ಎಳೆದು ಬೀಗ ಹಾಕಿದರು. ಅವಳು ಸೀಟಿನ ಮೇಲೆ ಹರಡಿದ್ದ ಸ್ಪ್ಯಾನರುಗಳನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟು ಜಾಗ ಮಾಡಿದಳು. ತಾನು ಸ್ಟೀರಿಂಗಿಗೆ ಕುಳಿತಳು. ಅಂದು ಅವಳು ಕುಳಿತಿದ್ದ ಕಡೆ ಮೇಷ್ಟ್ರು ಹತ್ತಿ ಕುಳಿತರು.

ಎಂಜಿನ್ ಎದ್ದಿತು. ಕಾವಿನ ಮುಳ್ಳು ತಳದಲ್ಲಿ ಮಲಗಿತ್ತು. ದಾರಿಯುದ್ದಕ್ಕೂ ಇಬ್ಬರೂ ಅದನ್ನೇ ನೋಡುತ್ತಿದ್ದರು. ಎರಡನೆಯ ತಿರುವು ದಾಟಿ ಏರು ಶುರುವಾದಾಗ ಅದು ಕೂದಲೆಳೆಯಷ್ಟು ಮೇಲೆದ್ದಿತು.