ಉಂಗುರ ಕಂಡಿತಾ?

ಕತ್ತಲಲ್ಲಿ ಎಲ್ಲೋ ಕಟ್ ಎಂದು ಸಣ್ಣ ಸದ್ದಾಯಿತು. ತಾರಾಲಯದ ತಾರಸಿಯ ಮೇಲೆ ದೂರದರ್ಶಕದ ಬಳಿಗೆ ಜನರನ್ನು ಸಾಲಾಗಿ ಬಿಡುತ್ತಿದ್ದ ತಂಗಿಯ ಕಿವಿ ನಿಮಿರಿತು. ನಾ ಮುಂದೆ ತಾ ಮುಂದೆ ಎಂದು ಇಬ್ಬರು ಜಗಳ ತೆಗೆದಿದ್ದರಿಂದ ಅದೇನೆಂದು ನೋಡಲು ಪುರಸೊತ್ತಾಗಲಿಲ್ಲ. ಸಂಜೆಯಿಂದಲೇ ಅವಳ ಜೀವ ಹಿಡಿಯಷ್ಟಾಗಿತ್ತು. ಅಕ್ಕನಿಗೆ ವಯಸ್ಸಾಯಿತೆಂದು ಯಾರೋ ಮ್ಯಾನೇಜರ ಕಿವಿ ಊದಿದ್ದರು. ಹೊಸಬರಿಗೆ ಆಕಾಶ ತೋರಿಸುವ ಈ ಕೆಲಸ ಅಕ್ಕನಿಗೇ ಉಳಿಯಬೇಕೇ ಬೇಡವೇ ಎಂದು ತೀರ್ಮಾನಿಸಲು ಮ್ಯಾನೇಜರೂ ಬಂದು ಸಾಲಿನಲ್ಲಿ ನಿಂತಿದ್ದರು.

ಅಕ್ಕನಿಗೆ ಮಾತ್ರ ಯಾವ ಅಳುಕೂ ಇದ್ದಂತಿರಲಿಲ್ಲ.

"ಸೂರ್ಯನ ಮನೇಲಿ ಎಂಟು ಜನ. ಬುಧ ಒಲೆ ಪಕ್ಕದಲ್ಲೇ ಕೂತವನು, ನೆಪ್ಚೂನು ಬಾಗಿಲ ಆಚೆ ಚಳೀಲಿ ನಡುಗೋನು. ನಾವು ಮೂರನೆಯವರು. ಈಗ ನೋಡೋ ಶನಿ ಆರನೆಯವನು. ಹೆದರ್ಬೇಡಿ, ಅಷ್ಟು ದೂರದಿಂದ ಬಂದು ಯಾರ ಹೆಗಲೂ ಏರಲ್ಲ!"

ಜನ ನಕ್ಕರು. ಭೂಮಿ ತಿರುಗುವುದರಿಂದ ಆಕಾಶ ಜಾರಿದಂತೆ ಕಾಣುತ್ತದೆ, ಅದರ ಜೊತೆಗೇ ದೂರದರ್ಶಕವನ್ನು ತಿರುಗಿಸಲು ಪುಟ್ಟ ಮೋಟಾರಿದೆ, ಅದು ನಿಂತರೆ ಶನಿ ಎರಡೇ ನಿಮಿಷದಲ್ಲಿ ಮಾಯ ಎಂದೂ ಅಕ್ಕ ಹೇಳಿದಳು. ಒಬ್ಬೊಬ್ಬರು ನೋಡಿ ಸರಿದಾಗಲೂ ತಾನೊಮ್ಮೆ ಬಗ್ಗಿ ಕಣ್ಣಿಟ್ಟು, "ಇದ್ದಾನೆ, ಬನ್ನಿ" ಎನ್ನುತ್ತಿದ್ದಳು.

ಹೆಂಡತಿಯೊಂದಿಗೆ ಬಂದಿದ್ದ ಪೇಟೆಯ ಟೈಲರೊಬ್ಬ ನೋಡಿ ತುಸು ತಡವರಿಸಿದ.

"ಉಂಗುರ ಕಂಡಿತಾ?" ಹೆಂಡತಿ ಕೇಳಿದಳು.

"ಕಾಣ್ದೆ ಏನು! ಥೇಟ್ ಉಂಗುರ."

ಹೆಂಡತಿಗೂ ಕಂಡಿತು. ಮ್ಯಾನೇಜರು ಬಹಳ ಹೊತ್ತು ಕಣ್ಣಿಟ್ಟು, "ಅದ್ಭುತ! ಎಷ್ಟು ಸ್ಪಷ್ಟ!" ಎಂದು ತಲೆಯೆತ್ತಿದರು. "ಮೇಡಂ, ನೀವಿರೋವಾಗ ಇನ್ನೊಬ್ಬರನ್ನ ಯಾಕೆ ಹುಡುಕೋದು? ಮುಂದಿನ ವರ್ಷಕ್ಕೂ ನೀವೇ ಇರಿ." ಅಷ್ಟು ಹೇಳಿ ಮೆಟ್ಟಿಲಿಳಿದರು. ತಂಗಿ ಹಿಡಿದಿಟ್ಟ ಉಸಿರು ಬಿಟ್ಟಳು.

ಮುಂದೆ ಒಬ್ಬ ಅಜ್ಜಿ.

"ಏನಮ್ಮಾ, ಕತ್ತಲೆ ನೋಡೋಕೆ ನಾನಿಷ್ಟು ಹೊತ್ತು ಕಾಲು ನೋಯಿಸ್ಕೊಂಡ್ನಾ?"

"ಕನ್ನಡಕ ತೆಗೆದು ನೋಡಿ ಅಜ್ಜಿ!" ಟೈಲರು ಹಿಂದಿನಿಂದ ಕೂಗಿದ.

"ತೆಗೆದೂ ನೋಡ್ದೆ ಕಣಯ್ಯಾ. ಕತ್ತಲೆ ಕತ್ತಲೆನೇ."

ಅಕ್ಕ ಬಗ್ಗಿ ಕಣ್ಣಿಟ್ಟಳು. "ಇದ್ದಾನಲ್ಲ ಅಜ್ಜಿ, ನಟ್ಟನಡುವೆ ಇದ್ದಾನೆ."

ತಂಗಿ ಮುಂದೆ ಬಂದು ನೋಡಿದಳು. ಕಪ್ಪು. ಒಂದು ಚುಕ್ಕಿಯೂ ಇಲ್ಲ. ಕೆಳಗೆ ನೋಡಿದರೆ ಯಾರದೋ ಕಾಲು ತಾಗಿ ಮೋಟಾರಿನ ವೈರು ಕಳಚಿ ಬಿದ್ದಿತ್ತು. ಆಗ ಕೇಳಿದ ಕಟ್ ಸದ್ದು ಇದೇ.

ತಿಂಗಳಿಂದ ಅಕ್ಕ, "ನಿನಗೂ ಕೈ ಪಳಗಲಿ, ನೀನೇ ಹೊಂದಿಸು" ಎಂದು ದೂರದರ್ಶಕದ ಕೊಳವೆಯನ್ನು ಇವಳ ಕೈಗೇ ಬಿಡುತ್ತಿದ್ದಳು. ವಿದ್ಯೆ ಕಲಿಸುತ್ತಿದ್ದಾಳೆಂದು ಇವಳು ಒಳಗೊಳಗೇ ಹಿಗ್ಗಿದ್ದೂ ಹಿಗ್ಗಿದ್ದೇ. ಈಗ ಅದರ ಅರ್ಥವೇ ಬೇರೆಯಾಯಿತು. ಅಕ್ಕನ ಮುಖ ನೋಡಿದಳು. ಅಕ್ಕ ಎತ್ತಲೋ ನೋಡುತ್ತ ನಿಂತಿದ್ದಳು. ಅವಳ ಬೆರಳುಗಳು ಕೊಳವೆಯ ಅಂಚನ್ನು ತಡವುತ್ತಿದ್ದವು.

"ಗಾಜಿಗೆ ಮಂಜು ಹಿಡ್ದಿದೆ, ಒಂದು ನಿಮಿಷ ಅಜ್ಜಿ." ತಂಗಿ ವೈರು ಸಿಕ್ಕಿಸಿ ಕೊಳವೆಯನ್ನು ಮೆಲ್ಲಗೆ ಸರಿಸಿದಳು. ಶನಿ ಅಂಚಿನಿಂದ ತೇಲಿ ಬಂದು ನಡುವೆ ನಿಂತ.

"ಅಯ್ಯಯ್ಯೋ, ಎರಡು ಹಿಡಿ ಇರೋ ಪಾತ್ರೆ ಥರ ಇದ್ದಾನಲ್ಲೇ!" ಅಜ್ಜಿ ಕಣ್ಣು ಕೀಳಲೊಲ್ಲಳು.

ಟೈಲರು ಸದ್ದಿಲ್ಲದೆ ಸಾಲಿನ ಕೊನೆಗೆ ಬಂದು ನಿಂತ. "ಇನ್ನೊಂದ್ಸಲ ನೋಡ್ಬಹುದಾ? ಸುಮ್ನೆ ಕೇಳ್ದೆ."

ಎಲ್ಲರೂ ಹೋದ ಮೇಲೆ ಅಕ್ಕ ದೂರದರ್ಶಕಕ್ಕೆ ಬಟ್ಟೆ ಹೊದಿಸಿದಳು. ಅಂಚುಗಳನ್ನು ಮತ್ತೆ ಮತ್ತೆ ಎಳೆದು ಕಟ್ಟಿದಳು.

"ಇವತ್ತು ಮಂಜೇ ಇರಲಿಲ್ವಲ್ಲೇ."

"ಸ್ವಲ್ಪ ಇತ್ತಕ್ಕ."

ಮನೆಯಲ್ಲಿ ಭಾವ ಊಟಕ್ಕೆ ಕಾದಿರುತ್ತಾರೆ, ಬಾಗಿಲು ತೆಗೆದ ತಕ್ಷಣ ಹೇಗಾಯಿತೆಂದು ಕೇಳುತ್ತಾರೆ. ಚೆನ್ನಾಗಾಯಿತು ಎಂದರಾಯಿತು. ಈ ಮಾತು ಭಾವನಿಗೂ ಬೇಡ, ಮ್ಯಾನೇಜರಿಗಂತೂ ಬೇಡವೇ ಬೇಡ, ಯಾರಿಗೂ ಬೇಡ ಎಂದು ತಂಗಿ ನಿಶ್ಚಯಿಸಿಕೊಂಡಳು.

ಮೆಟ್ಟಿಲ ಬಳಿ ಅಕ್ಕನ ಕಾಲು ಗಾಳಿಯಲ್ಲಿ ತಡೆದು ನೆಲ ಹುಡುಕಿತು. ತಂಗಿ ಒಂದು ಮೆಟ್ಟಿಲು ಕೆಳಗಿಳಿದು, ತಿರುಗಿ ನೋಡದೆ, ತನ್ನ ಹೆಗಲ ಮೇಲೆ ಕೈ ಬೀಳುವವರೆಗೂ ಕಾದಳು.