ಜೆನೀವ್ ಟೋಬಿನ್ನರ ಒಂದು ಹಾಳೆ

ಜೆನೀವ್ ಟೋಬಿನ್ ಯಾವ ಮಗುವನ್ನು ಕಂಡರೂ ಹೆಸರಿಗಿಂತ ಮೊದಲು ತೂಕ ಕೇಳುತ್ತಿದ್ದರು. ಎಡಗಾಲನ್ನು ತುಸು ಎಳೆದು ನಡೆಯುವ, ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಉಪ್ಪುಗಾಳಿಗೆ ಬಣ್ಣ ಕಳೆದುಕೊಂಡ ಹಸಿರು ಕೋಟನ್ನು ವಾರ್ಡಿನೊಳಗೂ ಬಿಚ್ಚದ ಈ ಔಷಧತಜ್ಞೆ, ಮೀನುಗಾರರ ಮಕ್ಕಳನ್ನೂ ವೈದ್ಯರ ಮಕ್ಕಳನ್ನೂ ಸಮಾನ ನಿರ್ದಾಕ್ಷಿಣ್ಯದಿಂದ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದುದನ್ನು, ಅವರಿದ್ದ ಆಸ್ಪತ್ರೆಯಲ್ಲೇ ಹತ್ತೊಂಬತ್ತು ವರ್ಷ ದಾದಿಯಾಗಿದ್ದ ನಾನು ಕಣ್ಣಾರೆ ಕಂಡಿದ್ದೇನೆ. 'ದಿನಕ್ಕೆ ಮೂರು ಚಮಚ' ಎಂದಷ್ಟೇ ಬರೆದ ಚೀಟಿ ಅವರ ಕಿಟಕಿ ದಾಟುತ್ತಿರಲಿಲ್ಲ. ಬರೆದ ಕಿರಿಯ ವೈದ್ಯನಿಗೆ ತಕ್ಷಣ ಫೋನು ಹೋಗುತ್ತಿತ್ತು: "ಯಾರ ಮನೆ ಚಮಚ, ಚಿನ್ನ? ನಮ್ಮಜ್ಜಿ ಚಮಚದಲ್ಲಿ ದೋಣಿಗೆ ನುಗ್ಗಿದ ನೀರನ್ನೇ ಮೊಗೆದು ಹಾಕಬಹುದಿತ್ತು!"

ಒಂದು ಚಳಿಗಾಲ, ಏಡಿ ಕಾರ್ಖಾನೆಯಲ್ಲಿ ದುಡಿಯುವ ಶೆಲ್ಲಿ ತನ್ನ ನಾಲ್ಕು ವರ್ಷದ ಮಗಳು ರೀಗನ್‌ಳನ್ನು ಹೊತ್ತು ತಂದಳು. ಶ್ವಾಸಕೋಶದ ಸೋಂಕು. ಊರಿನ ಚಿಕಿತ್ಸಾಲಯದಲ್ಲಿ ಕೊಟ್ಟ ಆಂಟಿಬಯೋಟಿಕ್ ಸರಿಯಾದದ್ದೇ. ಪ್ರಮಾಣ ಮಾತ್ರ ಅವಳ ತೂಕಕ್ಕೆ ಬೇಕಾದುದರ ಅರ್ಧ. ಪಕ್ಕೆಗಳು ಒಳಗೆ ಎಳೆದುಕೊಳ್ಳುವಂತೆ ಉಸಿರಿಗೆ ಹೆಣಗುತ್ತಿದ್ದ ಮಗುವಿನ ಪಕ್ಕ ಶೆಲ್ಲಿ, "ಒಂದು ಹೊತ್ತೂ ತಪ್ಪಿಸಿಲ್ಲಮ್ಮ, ಗಡಿಯಾರ ನೋಡ್ಕೊಂಡೇ ಕುಡಿಸಿದೀನಿ" ಎಂದು ಅಳುತ್ತಿದ್ದಳು.

ಜೆನೀವ್ ಅವಳ ಕೈ ಹಿಡಿದರು. "ನೀನೇನೂ ತಪ್ಪು ಮಾಡಿಲ್ಲ ಕಣೇ. ಮಾಡಿದ್ದು ನಾವು."

ಆರನೆಯ ದಿನ ರೀಗನ್ ಎದ್ದು ಕೂತು, ಕಾಕಂಬಿ ಸುರಿದ ಕರಿದ ರೊಟ್ಟಿಗೆ ಹಟ ಹಿಡಿದಳು. ನಾವೆಲ್ಲ ನೆಮ್ಮದಿಯ ಉಸಿರು ಬಿಟ್ಟೆವು; ಜೆನೀವ್ ಬಿಡಲಿಲ್ಲ. ಮರುವಾರದ ವೈದ್ಯರ ಸಭೆಯಲ್ಲಿ, ಮಕ್ಕಳ ಶ್ವಾಸಕೋಶದ ಸೋಂಕಿಗೆ ಎಲ್ಲರೂ ಅನುಸರಿಸುವ ಒಂದೇ ಚಿಕಿತ್ಸಾ ಸೂಚನೆಯ ಹಾಳೆ ಬೇಕೆಂದರು.

ಹಿರಿಯ ವೈದ್ಯ ಹೆಡ್ಲಿ ವಿಂಡ್ಸರ್ ನಕ್ಕುಬಿಟ್ಟರು. "ಮೂವತ್ತು ವರ್ಷದಿಂದ ಮಕ್ಕಳನ್ನ ನೋಡ್ತಿದೀನಿ ಜೆನೀವ್. ನಂಗೂ ನಕಲು ಹೊಡೆಯೋ ಗತಿ ಬಂತಾ?"

"ಹಾಗಾದ್ರೆ ನೋಡದೇ ಬರೀರಿ ಡಾಕ್ಟ್ರೇ," ಎಂದು ಜೆನೀವ್ ಸಭೆಯಲ್ಲಿದ್ದ ಏಳೂ ವೈದ್ಯರಿಗೆ ಒಂದೊಂದು ಚೀಟಿ ಹಂಚಿದರು. "ನಾಲ್ಕು ವರ್ಷದ ಹುಡುಗಿ, ಹದಿನಾರು ಕಿಲೋ. ಎಷ್ಟು ಔಷಧ, ಎಷ್ಟು ದಿನ? ಪಕ್ಕದವರದ್ದು ಇಣುಕ್ಬೇಡಿ."

ಏಳು ಚೀಟಿಗಳಲ್ಲಿ ಯಾವ ಎರಡೂ ಒಂದೇ ತೆರನಾಗಿರಲಿಲ್ಲ. ವಿಂಡ್ಸರ್ ಅವನ್ನೆಲ್ಲ ಎರಡೆರಡು ಸಲ ಓದಿದರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕಡೆಗೆ, "ಹಾಳೆ ಮಾಡು. ಮೊದಲ ಸಹಿ ನಂದು" ಎಂದರು.

ಆ ಹಾಳೆಯ ಮೊದಲ ಸಾಲು: ಬರೀ ನೆಗಡಿಯಾದರೆ ಈ ಔಷಧ ಬೇಡ. ಅದರ ಕೆಳಗೆ ತೂಕಕ್ಕೆ ತಕ್ಕ ಪ್ರಮಾಣ, ದಿನಗಳ ಲೆಕ್ಕ, ಮಗುವನ್ನು ಯಾವಾಗ ಮರಳಿ ಕರೆತರಬೇಕೆಂಬ ಸೂಚನೆ. ಎರಡು ವರ್ಷಗಳಲ್ಲಿ ಅದು ಕರಾವಳಿಯ ಎಲ್ಲ ಚಿಕಿತ್ಸಾಲಯಗಳ ಗೋಡೆಗೇರಿತು. ಪ್ರಮಾಣ ತಪ್ಪಿ ಸೋಂಕು ಉಲ್ಬಣಿಸಿದ ಒಂದು ಮಗುವೂ ಆಮೇಲೆ ನಮ್ಮ ವಾರ್ಡಿಗೆ ಬರಲಿಲ್ಲ. ಅಡಿಯಲ್ಲಿ ಅವರ ಹೆಸರು ಹಾಕೋಣವೆಂದಾಗ ಗದರಿದರು: "ಹೆಸರು ಹಾಕಿದ್ರೆ ಅದು ನನ್ನ ಹಾಳೆ ಆಗುತ್ತೆ. ನಾಳೆ ತಿದ್ದೋಕೆ ನಿಮಗೇ ಸಂಕೋಚ!"

ಯಾರ ಬಾಗಿಲು ತಟ್ಟಿದರೂ ಮಗುವಿಗೆ ಒಂದೇ ನ್ಯಾಯ ಸಿಗಬೇಕೆಂದು ಹಟ ಹಿಡಿಯುವ ಇಂಥವರು ಪ್ರತಿ ಕಸುಬಿನಲ್ಲೂ ಒಬ್ಬಿಬ್ಬರಿರುತ್ತಾರೆ. ಅವರೊಡನೆ ಕೆಲಸ ಮಾಡುವುದು ಸುಲಭವಲ್ಲ. ಮಾಡಿದ್ದೆವೆಂದು ಹೇಳಿಕೊಳ್ಳುವಾಗ ಮಾತ್ರ ಎದೆ ತಾನಾಗಿ ಉಬ್ಬುತ್ತದೆ.